ಹೊಟ್ಟೆಯ ಚರ್ಮದ ಕೆಳಗೆ ಒಂದು ತುಣುಕು: ಆಸ್ಕರ್ ಮಿಂಕೋವ್ಸ್ಕಿ (1858–1931)

ನನ್ನ ತಮ್ಮನಿಗೆ ಈಗ 12 ವರ್ಷ. ದಿನಕ್ಕೆ ನಾಲ್ಕು ಸಲ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಒಂಬತ್ತು ವರ್ಷದವನಿದ್ದಾಗ ಅವನಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಶುಗರ್ ಅಂದರೆ ವಯಸ್ಸಾದವರಿಗೆ ಬರುವುದು, ಮಾತ್ರೆ ನುಂಗಿ ಬೆಲ್ಲ ಬಿಟ್ಟರೆ ಆಯಿತು ಎಂದುಕೊಂಡಿದ್ದೆವು. ಮೂರನೇ ಕ್ಲಾಸಿನ ಹುಡುಗನಿಗೆ ಬರುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡಿ ಎಂದು ನಮ್ಮ ಜೀವಶಾಸ್ತ್ರದ ಮೇಡಂ ಹೇಳಿದಾಗ ನನ್ನ ಗೆಳತಿಯರು ಕಲಾಂ ಅವರನ್ನೂ ವಿಶ್ವೇಶ್ವರಯ್ಯ ಅವರನ್ನೂ ಮೊದಲೇ ಹಿಡಿದುಕೊಂಡುಬಿಟ್ಟರು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಬಗ್ಗೆ ಬರೆಯೋಣವೆಂದು ನಾನು ಶುರುಮಾಡಿದೆ. ಓದುತ್ತಾ ಹೋದಂತೆ ಬ್ಯಾಂಟಿಂಗ್‌ಗಿಂತ 30 ವರ್ಷ ಹಿಂದೆ ಇನ್ನೊಬ್ಬರು ನಿಂತಿರುವುದು ಕಾಣಿಸಿತು. ವೈದ್ಯರಿಗೆಲ್ಲ ಅವರ ಹೆಸರು ಗೊತ್ತು, ನಮ್ಮ ಪಠ್ಯಪುಸ್ತಕದಲ್ಲಿ ಮಾತ್ರ ಇಲ್ಲ. ಅವರ ತಮ್ಮನ ಹೆಸರನ್ನು ಭೌತಶಾಸ್ತ್ರದವರು ಹೆಚ್ಚು ಕೇಳಿರುತ್ತಾರೆ. ಐನ್‌ಸ್ಟೈನ್‌ಗೆ ಗಣಿತ ಕಲಿಸಿದ, ದೇಶ ಮತ್ತು ಕಾಲವನ್ನು ಒಂದೇ ನೇಯ್ಗೆಯಾಗಿ ತೋರಿಸಿದ ಹರ್ಮನ್ ಮಿಂಕೋವ್ಸ್ಕಿ ಅವರು. ನಾನು ಬರೆಯುತ್ತಿರುವುದು ಅಣ್ಣ ಆಸ್ಕರ್ ಬಗ್ಗೆ.

ಆಸ್ಕರ್ ಮಿಂಕೋವ್ಸ್ಕಿ ಹುಟ್ಟಿದ್ದು 1858ರ ಜನವರಿ 13ರಂದು, ಇಂದಿನ ಲಿಥುವೇನಿಯಾದ ಕೌನಸ್ ನಗರದ ಪಕ್ಕದ ಅಲೆಕ್ಸೋಟಾಸ್‌ನಲ್ಲಿ. ಆಗ ಅದು ರಷ್ಯಾದ ತ್ಸಾರ್ ದೊರೆಯ ಆಳ್ವಿಕೆಯಲ್ಲಿತ್ತು. ತಂದೆ ವ್ಯಾಪಾರಿ. ಮನೆತನ ಯೆಹೂದಿಯರದು. ಯೆಹೂದಿ ಮಕ್ಕಳಿಗೆ ಓದಲು, ದುಡಿಯಲು ಅಲ್ಲಿ ನೂರೆಂಟು ಅಡ್ಡಿಗಳಿದ್ದವು. ಆದ್ದರಿಂದ 1872ರಲ್ಲಿ ಇಡೀ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಜರ್ಮನಿಯ ಕೋನಿಗ್ಸ್‌ಬರ್ಗ್ ಸೇರಿತು. ಆಸ್ಕರ್‌ಗೆ ಆಗ 14 ವರ್ಷ, ಹರ್ಮನ್‌ಗೆ 8. ಹೊಸ ಊರು, ಹೊಸ ಭಾಷೆಯ ಶಾಲೆ. ಮನೆಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು ಎನ್ನುವುದು ನಮ್ಮ ಕಾಲೇಜಿನಲ್ಲಿ ಅರ್ಧ ಜನರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಅಲ್ಲಿಯೇ ವೈದ್ಯಕೀಯ ಓದಿ 1881ರಲ್ಲಿ ಡಾಕ್ಟರಾದರು. ಅವರ ಗುರು ಬರ್ನ್‌ಹಾರ್ಡ್ ನೌನಿನ್, ಸಕ್ಕರೆ ಕಾಯಿಲೆಯ ಬಗ್ಗೆ ಆ ಕಾಲದ ದೊಡ್ಡ ಹೆಸರು. ನೌನಿನ್ ಅವರ ವಾರ್ಡಿನಲ್ಲಿ ಯುವಕ ಮಿಂಕೋವ್ಸ್ಕಿ ಕಂಡದ್ದು ಏನೆಂದು ನನಗೆ ಸ್ವಲ್ಪ ಊಹೆಯಾಗುತ್ತದೆ. ತಮ್ಮನಿಗೆ ಕಾಯಿಲೆ ಬಂದ ಮೊದಲ ವರ್ಷ ನೆಂಟರೊಬ್ಬರು ಚುಚ್ಚುಮದ್ದು ಬಿಡಿಸಿ, ಎಲೆಯ ಕಷಾಯ ಕುಡಿಸಿದರೆ ಸಾಕು ಎಂದರು. ಅಮ್ಮಿ ನಂಬಿದರು. ಮೂರನೇ ದಿನ ಅವನು ಏದುಸಿರು ಬಿಡತೊಡಗಿದ, ಬಾಯಿಂದ ಮಾಗಿ ಕೊಳೆತ ಹಣ್ಣಿನಂಥ ವಾಸನೆ ಬಂತು. ರಾತ್ರೋರಾತ್ರಿ ಟಿ.ನರಸೀಪುರದಿಂದ ಮೈಸೂರಿಗೆ ಓಡಿದೆವು. ರಕ್ತದಲ್ಲಿ ಆಮ್ಲ ತುಂಬಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು.

ಆ ಆಮ್ಲದ ಹೆಸರು ಬೀಟಾ ಹೈಡ್ರಾಕ್ಸಿ ಬ್ಯುಟಿರಿಕ್ ಆಮ್ಲ. ಪ್ರಜ್ಞೆ ತಪ್ಪುತ್ತಿದ್ದ ಸಕ್ಕರೆ ರೋಗಿಗಳ ಮೂತ್ರದಲ್ಲಿ 1884ರಲ್ಲಿ ಅದನ್ನು ಗುರುತಿಸಿದವರಲ್ಲಿ ಮಿಂಕೋವ್ಸ್ಕಿ ಒಬ್ಬರು. ಅವರಿಗೆ ಆಗ 26 ವರ್ಷ. ರೋಗಿ ಸಾಯುವುದು ಬರಿಯ ಸಕ್ಕರೆಯಿಂದಲ್ಲ, ದೇಹ ಸಕ್ಕರೆಯನ್ನು ಉರಿಸಲಾರದೆ ಕೊಬ್ಬನ್ನೇ ಉರಿಸಿ ಉರಿಸಿ ಹುಟ್ಟಿಸಿದ ಆಮ್ಲದಿಂದ ಎನ್ನುವುದು ಆ ದಾರಿಯಲ್ಲೇ ತಿಳಿಯಿತು. ತಿಳಿದರೂ ಕೈಯಲ್ಲಿ ಮದ್ದಿರಲಿಲ್ಲ. ಅಂದು ನನ್ನ ತಮ್ಮನಂಥ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಎಳೆಯುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು.

ಮಿಂಕೋವ್ಸ್ಕಿ ಅವರ ಕೈ ಬಹಳ ಚುರುಕು ಎಂದು ಹೆಸರಾಗಿತ್ತು. ಕೋನಿಗ್ಸ್‌ಬರ್ಗ್‌ನಲ್ಲಿದ್ದಾಗಲೇ ಹೆಬ್ಬಾತುಗಳ ಯಕೃತ್ತನ್ನು ತೆಗೆದು, ಹಕ್ಕಿಗಳಲ್ಲಿ ಯೂರಿಕ್ ಆಮ್ಲ ತಯಾರಾಗುವುದು ಯಕೃತ್ತಿನಲ್ಲಿ ಎಂದು ತೋರಿಸಿದ್ದರು. ವಿಸರ್ಜನೆಯ ಪಾಠದಲ್ಲಿ ಹಕ್ಕಿಗಳು ಯೂರಿಕ್ ಆಮ್ಲವನ್ನು ಹೊರಹಾಕುತ್ತವೆ ಎಂದು ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡುತ್ತೇವಲ್ಲ, ಅದರ ಹಿಂದೆ ಈ ಕೆಲಸವೂ ಇದೆ.

1888ರಲ್ಲಿ ನೌನಿನ್ ಅವರಿಗೆ ಸ್ಟ್ರಾಸ್‌ಬರ್ಗ್‌ಗೆ ಕರೆ ಬಂತು, ಶಿಷ್ಯನೂ ಜೊತೆಗೆ ಹೋದರು. ಸ್ಟ್ರಾಸ್‌ಬರ್ಗ್ ಈಗ ಫ್ರಾನ್ಸಿನಲ್ಲಿದೆ, ಆಗ ಜರ್ಮನಿಯದಾಗಿತ್ತು.

ಮುಂದಿನದು 1889ರ ಏಪ್ರಿಲ್ ತಿಂಗಳ ಸಂಗತಿ. ಯಾವುದೋ ಪುಸ್ತಕ ನೋಡಲು ಮಿಂಕೋವ್ಸ್ಕಿ ಇನ್ನೊಂದು ಸಂಸ್ಥೆಯ ಗ್ರಂಥಾಲಯಕ್ಕೆ ಹೋದರು. ಅಲ್ಲಿ ಜೋಸೆಫ್ ಫಾನ್ ಮೆರಿಂಗ್ ಎಂಬ ವೈದ್ಯರು ಸಿಕ್ಕರು. ಮಾತು ಎಣ್ಣೆಯ ಜೀರ್ಣದ ಕಡೆ ತಿರುಗಿತು. ಕೊಬ್ಬನ್ನು ಒಡೆಯಲು ಮೇದೋಜೀರಕ ಗ್ರಂಥಿಯ ರಸ ಬೇಕೇ ಬೇಕೇ? ಗ್ರಂಥಿಯನ್ನೇ ತೆಗೆದು ನೋಡಿದರೆ ತಿಳಿಯುತ್ತದೆ, ಆದರೆ ಹಾಗೆ ತೆಗೆದರೆ ಪ್ರಾಣಿ ಬದುಕುವುದಿಲ್ಲ ಎಂಬುದು ಮೆರಿಂಗ್ ಅವರ ಮಾತು. ಫ್ರಾನ್ಸಿನ ದೊಡ್ಡ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಕೂಡ ಹಾಗೆಯೇ ತಿಳಿದಿದ್ದರು. ಮಿಂಕೋವ್ಸ್ಕಿ ಒಪ್ಪಲಿಲ್ಲ. ಮೆರಿಂಗ್ ಒಂದು ನಾಯಿಯನ್ನು ಕೊಟ್ಟರು. ಅದೇ ದಿನ ಸಂಜೆ ನೌನಿನ್ ಅವರ ಪ್ರಯೋಗಾಲಯದಲ್ಲಿ ಮೆರಿಂಗ್ ಕೈಜೋಡಿಸಲು ನಿಂತರು, ಮಿಂಕೋವ್ಸ್ಕಿ ನಾಯಿಯ ಮೇದೋಜೀರಕ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ನಾಯಿ ಬದುಕಿತು.

ಇಬ್ಬರೂ ಕಾಯುತ್ತಿದ್ದುದು ಕೊಬ್ಬಿನ ಲೆಕ್ಕಕ್ಕೆ. ಅಷ್ಟರಲ್ಲಿ ಮೆರಿಂಗ್ ಅವರ ಮಾವನಿಗೆ ನ್ಯುಮೋನಿಯಾ ಆಗಿ ಅವರು ಕೋಲ್ಮಾರ್ ಊರಿಗೆ ಹೋಗಬೇಕಾಯಿತು. ಖಾಲಿ ಗೂಡು ಇಲ್ಲದ್ದರಿಂದ ನಾಯಿಯನ್ನು ಪ್ರಯೋಗಾಲಯದಲ್ಲೇ ಕಟ್ಟಿಹಾಕಿದ್ದರು. ಮನೆಯಲ್ಲಿ ಬೆಳೆದು ಶಿಸ್ತು ಕಲಿತ ನಾಯಿ ಅದು, ಆದರೂ ಕೋಣೆಯ ನೆಲದ ಮೇಲೆ ಮತ್ತೆ ಮತ್ತೆ ಮೂತ್ರ ಮಾಡುತ್ತಿತ್ತು. ಸರಿಯಾಗಿ ಹೊರಗೆ ಕರೆದುಕೊಂಡು ಹೋಗುತ್ತಿಲ್ಲವೆಂದು ಮಿಂಕೋವ್ಸ್ಕಿ ಆಳನ್ನು ಗದರಿಸಿದರು. ಹೋಗುತ್ತಿದ್ದೇನೆ, ಹೊರಗೆ ಮಾಡಿಸಿಕೊಂಡು ಬಂದ ಕೂಡಲೇ ಒಳಗೆ ಮತ್ತೆ ಮಾಡುತ್ತದೆ ಎಂದು ಆಳು ಹೇಳಿಕೊಂಡ. ಆ ಮಾತು ಕಿವಿಗೆ ಬಿತ್ತು. ಅತಿಯಾದ ಮೂತ್ರ ಎಂದರೆ ಸಕ್ಕರೆ ನೋಡು ಎಂಬುದು ಗುರುವಿನ ವಾರ್ಡಿನಲ್ಲಿ ಕಲಿತ ಪಾಠ. ನೆಲದ ಮೇಲಿದ್ದುದನ್ನೇ ಎತ್ತಿಕೊಂಡು ಪರೀಕ್ಷಿಸಿದರು. ಶೇ. 12ರಷ್ಟು ಸಕ್ಕರೆ!

ನಾಯಿಯ ಮೂತ್ರಕ್ಕೆ ನೊಣ ಮುತ್ತಿದ್ದನ್ನು ನೋಡಿ ಗೊತ್ತಾಯಿತು ಎಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ನಮ್ಮ ಕಡೆ ಮೂತ್ರಕ್ಕೆ ಇರುವೆ ಮುತ್ತಿದರೆ ಶುಗರ್ ಎಂದು ಅಜ್ಜಿಯರು ಹೇಳುವುದಿಲ್ಲವೇ, ಹಾಗೆ. ಕಥೆ ಚೆನ್ನಾಗಿದೆ, ಆದರೆ ಮಿಂಕೋವ್ಸ್ಕಿ ಸ್ವತಃ ಮುಂದೆ ನೆನಪಿಸಿಕೊಂಡದ್ದು ಆಳಿನ ಮಾತನ್ನು. ನನಗೂ ಅದೇ ಹೆಚ್ಚು ಇಷ್ಟ. ಬೈಸಿಕೊಂಡವನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ.

ಮೊದಲು ಅವರೇ ತಮ್ಮನ್ನು ನಂಬಲಿಲ್ಲ. ಮೆರಿಂಗ್ ಅದಕ್ಕೂ ಹಿಂದೆ ಫ್ಲೋರಿಜಿನ್ ಎಂಬ ವಸ್ತು ಕೊಟ್ಟು ನಾಯಿಗಳ ಮೂತ್ರದಲ್ಲಿ ಸಕ್ಕರೆ ಬರಿಸಿದ್ದರು. ಈ ನಾಯಿಗೂ ಅದನ್ನು ಕೊಟ್ಟಿದ್ದರೋ ಏನೋ ಎಂಬ ಅನುಮಾನ ಬಂತು. ಆದ್ದರಿಂದ ಬೇರೆ ಮೂರು ನಾಯಿಗಳ ಮೂತ್ರ ಪರೀಕ್ಷಿಸಿ, ಸಕ್ಕರೆ ಇಲ್ಲವೆಂದು ಖಚಿತ ಮಾಡಿಕೊಂಡು, ಅವುಗಳ ಗ್ರಂಥಿ ತೆಗೆದರು. ಮೂರಕ್ಕೂ ಸಕ್ಕರೆ ಕಾಯಿಲೆ ಬಂತು. ವಿಪರೀತ ಬಾಯಾರಿಕೆ, ಹಸಿವು, ತಿಂದರೂ ಸೊರಗುವ ಮೈ. ತಮ್ಮನಿಗೆ ಕಾಯಿಲೆ ಬಂದ ತಿಂಗಳು ನಾವು ಮನೆಯಲ್ಲಿ ಕಂಡದ್ದೂ ಇದನ್ನೇ.

ಇಷ್ಟಕ್ಕೆ ಕಥೆ ಮುಗಿಯಿತು ಎಂದು ಪುಸ್ತಕಗಳು ಮುಂದಕ್ಕೆ ಹಾರುತ್ತವೆ. ನನಗೆ ಮುಖ್ಯ ಅನಿಸಿದ್ದು ಇದರ ನಂತರದ್ದು.

ಗ್ರಂಥಿ ತೆಗೆದರೆ ಕಾಯಿಲೆ ಬರುತ್ತದೆ, ಸರಿ. ಆದರೆ ಯಾಕೆ? ಮೂರು ಉತ್ತರಗಳು ಸಾಧ್ಯವಿದ್ದವು. ಒಂದು, ಗ್ರಂಥಿ ಕರುಳಿಗೆ ಸುರಿಸುವ ಜೀರ್ಣರಸ ಇಲ್ಲದ್ದರಿಂದ. ಎರಡು, ಕತ್ತರಿಸುವಾಗ ಅಲ್ಲಿನ ನರಗಳಿಗೆ ಏಟು ಬಿದ್ದದ್ದರಿಂದ. ಮೂರು, ಗ್ರಂಥಿ ಬೇರೇನನ್ನೋ ಗುಟ್ಟಾಗಿ ರಕ್ತಕ್ಕೆ ಸೇರಿಸುತ್ತಿದೆ, ಅದು ನಿಂತದ್ದರಿಂದ. ಮೊದಲನೆಯದನ್ನು ತಳ್ಳಿಹಾಕುವುದು ಸುಲಭವಿತ್ತು. ನಾಳವನ್ನು ಮುಚ್ಚಿ ರಸ ಕರುಳಿಗೆ ಹೋಗದಂತೆ ಮಾಡಿದರೂ ಪ್ರಾಣಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೆಂದು ಬರ್ನಾರ್ಡ್ ಕಾಲದಿಂದಲೇ ಗೊತ್ತಿತ್ತು. ಉಳಿದದ್ದು ನರವೋ ರಕ್ತವೋ ಎಂಬ ಪ್ರಶ್ನೆ.

ನಾನು ಇದನ್ನು ಮನೆಯಲ್ಲಿ ವಿವರಿಸಿದ್ದು ಹೀಗೆ. ನಮ್ಮ ಕಪಿಲೆ ನಂಜನಗೂಡಿನ ಪಕ್ಕ ಹರಿದು ಟಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಂಜನಗೂಡಿನಿಂದ ಒಂದು ಗದ್ದೆಗೆ ನೀರು ಹೋಗಬೇಕಾದರೆ ನಾಲೆ ಬೇಕು, ನಾಲೆ ಮುಚ್ಚಿದರೆ ಗದ್ದೆ ಒಣಗುತ್ತದೆ. ಆದರೆ ಯಾರಾದರೂ ನಂಜನಗೂಡಿನಲ್ಲಿ ನದಿಗೇ ಒಂದು ಬಣ್ಣ ಬೆರೆಸಿದರೆ ಅದಕ್ಕೆ ನಾಲೆ ಬೇಡ, ಕೊಳವೆ ಬೇಡ. ನದಿ ಹೋದಲ್ಲೆಲ್ಲ ಬಣ್ಣವೂ ಹೋಗಿ ನರಸೀಪುರದ ಸಂಗಮದಲ್ಲಿ ಕಾಣಿಸುತ್ತದೆ. ಬಣ್ಣ ಬೆರೆಸುವವನು ತನ್ನ ಜಾಗ ಬಿಟ್ಟು ದಡದ ಮೇಲೆ ಎಲ್ಲಿ ಹೋಗಿ ಕುಳಿತರೂ, ಕೈ ನೀರಿಗೆ ತಾಗಿದರೆ ಸಾಕು. ಮೇದೋಜೀರಕ ಗ್ರಂಥಿ ಹೀಗೆ ಕೆಲಸ ಮಾಡುವುದಾದರೆ ಅದನ್ನು ಅದರ ಜಾಗದಿಂದ ಎತ್ತಿ ದೇಹದಲ್ಲಿ ಇನ್ನೆಲ್ಲಾದರೂ ಇಟ್ಟರೂ ಕೆಲಸ ನಡೆಯಬೇಕು.

ಮಿಂಕೋವ್ಸ್ಕಿ ಅದನ್ನೇ ಮಾಡಿ ನೋಡಿದರು. ನಾಯಿಯ ಮೇದೋಜೀರಕ ಗ್ರಂಥಿಯ ಕೆಳತುದಿ ಬಾಲದಂತೆ ಸಡಿಲವಾಗಿ ಜೋತುಬಿದ್ದಿರುತ್ತದೆ. ಆ ತುಣುಕನ್ನು ಅದರ ರಕ್ತನಾಳ ಹರಿಯದಂತೆ ಬಿಡಿಸಿ, ಹೊಟ್ಟೆಯ ಗೋಡೆಯಿಂದ ಹೊರಗೆಳೆದು, ಅದೇ ನಾಯಿಯ ಹೊಟ್ಟೆಯ ಚರ್ಮದ ಕೆಳಗೆ ಹೊಲಿದರು. ನಮ್ಮ ತೋಟದವರು ಮಾವಿನ ಗಿಡಕ್ಕೆ ಕಸಿ ಕಟ್ಟುವಾಗ ತಾಯಿಗಿಡದಿಂದ ಕೂಡಲೇ ಬಿಡಿಸದೆ ಕೊಂಬೆ ಬಗ್ಗಿಸಿ ಕಟ್ಟಿ, ಕೂಡಿಕೊಂಡ ಮೇಲೆ ಕತ್ತರಿಸುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಉಪಾಯ. ತುಣುಕು ಅಲ್ಲಿ ಹಿಡಿದುಕೊಂಡ ಮೇಲೆ ಒಳಗಿದ್ದ ಉಳಿದ ಗ್ರಂಥಿಯನ್ನೆಲ್ಲ ತೆಗೆದರು. ಈಗ ನಾಯಿಯ ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿ ಇಲ್ಲ. ಅಲ್ಲಿನ ನರಗಳಿಗೆ ಏಟು ಬಿದ್ದೇ ಇದೆ. ಕರುಳಿಗೆ ರಸವೂ ಇಲ್ಲ. ಇರುವುದು ಚರ್ಮದ ಕೆಳಗೆ ಒಂದು ತುಣುಕು ಮಾತ್ರ.

ಸಕ್ಕರೆ ಕಾಯಿಲೆ ಬರಲಿಲ್ಲ.

ಆಮೇಲೆ ಚರ್ಮ ಬಿಡಿಸಿ ಆ ತುಣುಕನ್ನೂ ತೆಗೆದರು. ಇದು ಹೊಟ್ಟೆಯೊಳಗೆ ಕೈ ಹಾಕುವ ಕೆಲಸವೇ ಅಲ್ಲ, ಒಳಗಿನ ನರಗಳಿಗೆ ಇದರಿಂದ ಏನೂ ಆಗುವಂತಿಲ್ಲ. ಆದರೂ ತೆಗೆದ ಕೂಡಲೇ ಸಕ್ಕರೆ ಕಾಯಿಲೆ ಪೂರ್ಣ ಬಲದಿಂದ ಬಂತು. ನರದ ವಾದ ಅಲ್ಲಿಗೆ ಮುಗಿಯಿತು. ಗ್ರಂಥಿ ರಕ್ತಕ್ಕೆ ಏನನ್ನೋ ಬೆರೆಸುತ್ತಿದೆ. 1892ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಮೇದೋಜೀರಕ ಗ್ರಂಥಿಯ ಕಸಿಯ ಚರಿತ್ರೆ ಬರೆಯುವವರು ಮೊದಲ ಪುಟದಲ್ಲಿ ಇಡುತ್ತಾರೆ. ಅದೇ ಹೊತ್ತಿಗೆ ಫ್ರಾನ್ಸಿನ ಮಾಂಪೆಲ್ಯೆಯಲ್ಲಿ ಎಮಾನ್ಯುಯೆಲ್ ಎದೋನ್ ಎಂಬುವರೂ ನಾಯಿಗಳಲ್ಲಿ ಇಂಥದೇ ಕಸಿ ಮಾಡಿ ಇದೇ ಉತ್ತರ ಪಡೆದರು.

ತಮ್ಮನಿಗೆ ಈ ಭಾಗ ಓದಿ ಹೇಳುವಾಗ ಅವನು ಪೆನ್ನಿನ ಸೂಜಿ ಜೋಡಿಸುತ್ತಿದ್ದ. ಹೊಟ್ಟೆಯ ಚರ್ಮ, ಅದರ ಕೆಳಗೆ. ಅದೇ ಜಾಗ.

ಎಲ್ಲರೂ ಒಪ್ಪಿದರು ಎಂದುಕೊಳ್ಳಬೇಡಿ. ಎಡ್ವರ್ಡ್ ಪ್ಲ್ಯೂಗರ್ ಎಂಬ ಹಿರಿಯ ಶರೀರವಿಜ್ಞಾನಿ, ಕಾಯಿಲೆಯ ಮೂಲ ಸಣ್ಣಕರುಳಿನ ಮೊದಲ ಭಾಗದ ನರಗಳಲ್ಲಿದೆ ಎಂದು ಕಪ್ಪೆಗಳ ಮೇಲಿನ ಪ್ರಯೋಗ ಮುಂದಿಟ್ಟುಕೊಂಡು ವರ್ಷಗಟ್ಟಲೆ ವಾದ ಮಾಡಿದರು. ಮಿಂಕೋವ್ಸ್ಕಿ ಮತ್ತೆ ಮತ್ತೆ ಉತ್ತರ ಬರೆಯಬೇಕಾಯಿತು. ಚರ್ಮದ ಕೆಳಗಿನ ತುಣುಕಿಗೆ ಮಾತ್ರ ಆ ವಾದದಲ್ಲಿ ಜಾಗವಿರಲಿಲ್ಲ.

ಗ್ರಂಥಿಯಲ್ಲಿ ಆ ವಸ್ತುವನ್ನು ತಯಾರಿಸುವ ಭಾಗ ಯಾವುದು? 1869ರಲ್ಲೇ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಗ್ರಂಥಿಯೊಳಗೆ ಚದುರಿದ ಸಣ್ಣ ಕೋಶಗುಂಪುಗಳನ್ನು ವರ್ಣಿಸಿದ್ದ. ಅವು ಏನು ಮಾಡುತ್ತವೆಂದು ಅವನಿಗೆ ಗೊತ್ತಿರಲಿಲ್ಲ. 1893ರಲ್ಲಿ ಫ್ರಾನ್ಸಿನ ಲಗ್ಯೆಸ್ ಅವುಗಳಿಗೆ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳೆಂದು ಹೆಸರಿಟ್ಟು, ಗುಟ್ಟಿನ ಸ್ರವಿಕೆ ಇಲ್ಲಿಂದಲೇ ಇರಬೇಕು ಎಂದರು. ಪ್ರಥಮ ಪಿಯುಸಿಯಲ್ಲಿ ಎರಡು ಅಂಕಕ್ಕೆ ಬರೆಯುತ್ತೇವೆ ಇದನ್ನು.

ನಾಯಿಯಲ್ಲಿ ಕಸಿ ಫಲಿಸಿತು ಎಂದಮೇಲೆ ಮನುಷ್ಯನಲ್ಲಿ ಏಕೆ ಆಗಬಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. 1893ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಾಟ್ಸನ್ ವಿಲಿಯಮ್ಸ್ ಎಂಬ ವೈದ್ಯರ ಬಳಿ ಸಕ್ಕರೆ ಕಾಯಿಲೆಯಿಂದ ಸಾಯುತ್ತಿದ್ದ 15 ವರ್ಷದ ಹುಡುಗನಿದ್ದ. ಆಗತಾನೆ ಕೊಯ್ದ ಕುರಿಯ ಮೇದೋಜೀರಕ ಗ್ರಂಥಿಯ ತುಣುಕುಗಳನ್ನು ಅವನ ಚರ್ಮದ ಕೆಳಗೆ ಇರಿಸಿದರು. ಮೂರು ದಿನಕ್ಕೆ ಹುಡುಗ ತೀರಿಕೊಂಡ. ಮಿಂಕೋವ್ಸ್ಕಿ ಇಟ್ಟದ್ದು ಅದೇ ನಾಯಿಯ ತುಣುಕು, ದೇಹ ಅದನ್ನು ತನ್ನದೆಂದು ಗುರುತಿಸಿತು. ಬೇರೆ ಜೀವದ್ದನ್ನು ದೇಹ ಶತ್ರುವೆಂದು ಹೊರದಬ್ಬುತ್ತದೆ ಎಂಬ ತಿಳಿವಳಿಕೆ ಇನ್ನೂ ಬರಬೇಕಿತ್ತು. ಆ ಹುಡುಗನ ಬಗ್ಗೆ ಓದಿದ ರಾತ್ರಿ ನಾನು ಮುಂದೆ ಓದಲಿಲ್ಲ.

ಕಸಿ ಬೇಡ, ಗ್ರಂಥಿಯನ್ನು ಅರೆದು ಸಾರ ತೆಗೆದು ಚುಚ್ಚಿದರೆ? ಮಿಂಕೋವ್ಸ್ಕಿ ಆ ದಾರಿಯಲ್ಲೂ ಹೋದರು, ಫಲ ಸಿಗಲಿಲ್ಲ. ಗ್ರಂಥಿಯ ಜೀರ್ಣರಸವೇ ಸಾರದಲ್ಲಿದ್ದ ಅಮೂಲ್ಯ ವಸ್ತುವನ್ನು ತಿಂದುಹಾಕುತ್ತಿತ್ತು. ಇನ್ಸುಲಿನ್ ಒಂದು ಪ್ರೋಟೀನು, ಜೀರ್ಣರಸಕ್ಕೆ ಅದು ಊಟವಿದ್ದಂತೆ. ತಮ್ಮ ಇನ್ಸುಲಿನ್ ಅನ್ನು ಮಾತ್ರೆಯಾಗಿ ನುಂಗುವಂತಿಲ್ಲ, ಚುಚ್ಚಿಕೊಳ್ಳಲೇಬೇಕು ಎನ್ನುವುದಕ್ಕೂ ಕಾರಣ ಇದೇ.

ಈ ನಡುವೆ ಮಿಂಕೋವ್ಸ್ಕಿ ಸುಮ್ಮನೆ ಕುಳಿತಿರಲಿಲ್ಲ. ವಂಶದಲ್ಲಿ ಹರಿದುಬರುವ, ಕೆಂಪು ರಕ್ತಕಣಗಳು ಗುಂಡಗಾಗಿ ಒಡೆಯುವ ಒಂದು ಕಾಮಾಲೆಯನ್ನು 1900ರಲ್ಲಿ ವರ್ಣಿಸಿದರು, ಅದಕ್ಕೆ ಇಂದಿಗೂ ಅವರ ಹೆಸರು ಸೇರಿಸಿ ಕರೆಯುವುದುಂಟು. ಅದೇ ವರ್ಷ ಕಲೋನ್, 1905ರಲ್ಲಿ ಗ್ರೈಫ್ಸ್‌ವಾಲ್ಡ್, 1909ರಲ್ಲಿ ಬ್ರೆಸ್ಲಾವ್ ಎಂದು ಊರೂರು ತಿರುಗಿದರು. ಆ ವರ್ಷ ಶುರುವಾಗುತ್ತಿದ್ದಂತೆ ತಮ್ಮ ಹರ್ಮನ್ ಅಪೆಂಡಿಕ್ಸ್ ಒಡೆದು 44ನೇ ವಯಸ್ಸಿಗೆ ತೀರಿಕೊಂಡರು. ಅಣ್ಣ ದೊಡ್ಡ ವೈದ್ಯ, ತಮ್ಮನಿಗೆ ಇಂದು ಯಾವ ತಾಲ್ಲೂಕು ಆಸ್ಪತ್ರೆಯೂ ಗುರುತಿಸುವಂಥ ಕಾಯಿಲೆ.

ಬ್ರೆಸ್ಲಾವ್‌ನಲ್ಲಿ ನಡೆದ ಒಂದು ಸಂಗತಿ ಅವರ ಜೀವನದ ಅತ್ಯಂತ ಕಷ್ಟದ ಪುಟ ಎಂದು ನನಗನಿಸುತ್ತದೆ. ಬರ್ಲಿನ್ನಿನ ಜಾರ್ಜ್ ಜ್ಯೂಲ್ಸರ್ ಎಂಬ ವೈದ್ಯರು ಪ್ರಾಣಿಗಳ ಗ್ರಂಥಿಯಿಂದ ಸಾರ ತಯಾರಿಸಿ ಕೆಲವು ರೋಗಿಗಳಿಗೆ ಕೊಟ್ಟಿದ್ದರು, ಮೂತ್ರದ ಸಕ್ಕರೆ ಇಳಿದಿತ್ತು. ಅದನ್ನು ಮಿಂಕೋವ್ಸ್ಕಿ ಅವರ ಚಿಕಿತ್ಸಾಲಯದಲ್ಲಿ ಫೋರ್ಶ್‌ಬಾಕ್ ಎಂಬ ಸಹಾಯಕರು ನಾಯಿಗಳ ಮೇಲೂ ರೋಗಿಗಳ ಮೇಲೂ ಪರೀಕ್ಷಿಸಿದರು. ಸಕ್ಕರೆ ಇಳಿಯುತ್ತದೆ, ನಿಜ. ಆದರೆ ಜ್ವರ ಮತ್ತಿತರ ತೊಂದರೆಗಳು ಎಷ್ಟು ಜೋರಾಗಿದ್ದವೆಂದರೆ ರೋಗಿಗಳಿಗೆ ಕೊಡಬಾರದೆಂದು 1909ರಲ್ಲಿ ತೀರ್ಪು ಬರೆದರು. ಜ್ಯೂಲ್ಸರ್ ಅವರ ಕೆಲಸಕ್ಕೆ ಅದು ದೊಡ್ಡ ಪೆಟ್ಟಾಯಿತು. 17 ವರ್ಷ ಹುಡುಕಿದ ವಸ್ತು ಕೊಳಕು ರೂಪದಲ್ಲಿ ಅವರ ಕಣ್ಣಮುಂದೆಯೇ ಇತ್ತು. ಅವರು ತಪ್ಪು ಮಾಡಿದರೇ? ನಾನೂ ಅಮ್ಮಿಯೂ ಇದರ ಬಗ್ಗೆ ಜಗಳವನ್ನೇ ಆಡಿದೆವು. ಹೇಗೂ ಸಾಯುವ ಮಕ್ಕಳಿಗೆ ಜ್ವರ ಬಂದರೇನು, ಕೊಡಬೇಕಿತ್ತು ಎಂದು ನಾನು. ಎಲೆಯ ಕಷಾಯದ ಆ ಮೂರು ದಿನ ಮರೆತೆಯಾ, ಪಕ್ಕಾ ಗೊತ್ತಿಲ್ಲದ್ದನ್ನು ಮಗುವಿಗೆ ಕೊಡಬಾರದು ಎಂದು ಅಮ್ಮಿ.

ಬೇರೆಯವರು ಆ ವಸ್ತುವನ್ನು ಶುದ್ಧಗೊಳಿಸಲು ಇನ್ನೂ 13 ವರ್ಷ ಹಿಡಿಯಿತು. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಮಾಡಿದ ಮೊದಲ ಕೆಲಸ ನಾಯಿಗಳ ಮೇದೋಜೀರಕ ಗ್ರಂಥಿ ತೆಗೆದು ಸಕ್ಕರೆ ಕಾಯಿಲೆ ಬರಿಸುವುದು. ಅಂದರೆ ಮಿಂಕೋವ್ಸ್ಕಿ ತೋರಿಸಿದ ದಾರಿಯೇ. ಜೇಮ್ಸ್ ಕಾಲಿಪ್ ಸಾರವನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಕೊಟ್ಟರು. ಮೊದಲ ಚುಚ್ಚುಮದ್ದು ಹೆಚ್ಚು ಪ್ರಯೋಜನವಾಗಲಿಲ್ಲ, ಅಶುದ್ಧವಾಗಿತ್ತು. ಸುಮಾರು ಹನ್ನೆರಡು ದಿನದ ನಂತರ ಕೊಟ್ಟದ್ದು ಹಿಡಿಯಿತು. ಮರುವರ್ಷ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಬಂತು. ಮಿಂಕೋವ್ಸ್ಕಿ ಅವರಿಗೆ ಆ ಪ್ರಶಸ್ತಿ ಎಂದೂ ಬರಲಿಲ್ಲ.

ಅವರು ಮುನಿಸಿಕೊಂಡು ಕೂರಲಿಲ್ಲ. ಜರ್ಮನಿಗೆ ಇನ್ಸುಲಿನ್ ತರಿಸುವುದು, ಅಲ್ಲೇ ತಯಾರಾದದ್ದನ್ನು ಪರೀಕ್ಷಿಸುವುದು, ಇದಕ್ಕೆಂದು 1923ರಲ್ಲಿ ಸಮಿತಿ ಆದಾಗ ಅದರ ಅಧ್ಯಕ್ಷರಾದರು. ಅವರಿಗೆ ಆಗ 65. ಇನ್ಸುಲಿನ್‌ಗೆ ತಂದೆಯಾಗಬೇಕೆಂದಿದ್ದೆ, ತಾತನಾದೆ ಎಂದು ನಗುತ್ತಿದ್ದರೆಂದು ಹೇಳುತ್ತಾರೆ. ಅದೇ ವರ್ಷ ಪಾರ್ಶ್ವವಾಯು ಹೊಡೆದಿದ್ದ ಲೆನಿನ್ ಅವರನ್ನು ನೋಡಲು ಮಾಸ್ಕೊಗೆ ಕರೆಸಿದ ಹೊರದೇಶದ ವೈದ್ಯರಲ್ಲಿ ಅವರೂ ಇದ್ದರು. ಯೆಹೂದಿ ಹುಡುಗನಾಗಿ ತ್ಸಾರ್ ರಾಜ್ಯ ಬಿಟ್ಟು ಹೋದವರು ತ್ಸಾರ್ ಇಲ್ಲದ ರಷ್ಯಾಕ್ಕೆ ವೈದ್ಯರಾಗಿ ಹೋದರು.

ಇಲ್ಲಿ ನಾಯಿಗಳ ಮಾತು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಕಾಲೇಜಿರುವುದು ನಂಜನಗೂಡಿನಲ್ಲಿ. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಅದರಿಂದಲೇ ಇಲ್ಲಿನ ದೇವರಿಗೆ ಹಕೀಮ್ ನಂಜುಂಡ ಎಂಬ ಹೆಸರು ಬಂತೆಂದೂ ಊರವರು ಹೇಳುತ್ತಾರೆ. ಒಂದು ಪ್ರಾಣಿ ವಾಸಿಯಾದ ಕಥೆಯನ್ನು ಊರು ಇಷ್ಟು ವರ್ಷ ನೆನಪಿಟ್ಟುಕೊಂಡಿದೆ. ನಾನು ಹೇಳುತ್ತಿರುವುದು ಆರೋಗ್ಯವಾಗಿದ್ದ ಪ್ರಾಣಿಗಳಿಗೆ ಬೇಕೆಂದೇ ಕಾಯಿಲೆ ಬರಿಸಿದ ಕಥೆ. ಅವುಗಳಲ್ಲಿ ಒಂದೂ ಬದುಕಿ ಹಳ್ಳಿಗೆ ಮರಳಲಿಲ್ಲ. ಇಂದು ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರಾಣಿಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು, ನೋವು ಕಡಿಮೆಯಿರಬೇಕು, ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಬೇಕು. 1889ರಲ್ಲಿ ಒಂದು ಮಧ್ಯಾಹ್ನ ಮಾತಾಡಿ ಸಂಜೆ ಕತ್ತರಿಸಬಹುದಿತ್ತು. ಇದು ಸರಿಯೇ ಎಂದು ಗೆಳತಿಯೊಬ್ಬಳು ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ನನ್ನ ತಮ್ಮ ಬದುಕಿರುವವನು, ನಾನು ನಿಷ್ಪಕ್ಷಪಾತಿ ಅಲ್ಲ.

ನಮ್ಮ ನಾನಿಯ ಪ್ರಶ್ನೆ ಬೇರೆಯದು. ಇನ್ಸುಲಿನ್ ಹಂದಿಯಿಂದ ತೆಗೆಯುತ್ತಾರಂತೆ ಹೌದೇ ಎಂದು ಕೇಳಿದ್ದರು. ಮೊದಲ 60 ವರ್ಷ ಹಸು ಮತ್ತು ಹಂದಿಯ ಗ್ರಂಥಿಗಳಿಂದಲೇ ಬರುತ್ತಿತ್ತು. 1980ರ ದಶಕದಿಂದ ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸುತ್ತಾರೆ, ದ್ವಿತೀಯ ಪಿಯುಸಿಯ ಜೈವಿಕ ತಂತ್ರಜ್ಞಾನದ ಪಾಠದಲ್ಲಿ ಇದೆ. ಪುಸ್ತಕದ ಚಿತ್ರ ತೋರಿಸಿದ ಮೇಲೆ ನಾನಿ ಸಮಾಧಾನಪಟ್ಟರು. ರೋಜಾ ಹಿಡಿಯುತ್ತೇನೆಂದು ಹಟ ಮಾಡಿದ ತಮ್ಮನಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆಯೆಂದು ತಿಳಿಹೇಳಿದವರೂ ಅವರೇ.

ಕಸಿಯ ಕಥೆ ಮಿಂಕೋವ್ಸ್ಕಿ ಅವರ ನಂತರವೂ ನಡೆಯಿತು. ಇನ್ಸುಲಿನ್ ಬಂದ ಮೇಲೆ ಸ್ವಲ್ಪ ಕಾಲ ಯಾರಿಗೂ ಅದರ ಅವಸರ ಕಾಣಲಿಲ್ಲ. ವರ್ಷಗಳು ಕಳೆದಂತೆ ಇನ್ಸುಲಿನ್ ಚುಚ್ಚಿಕೊಂಡವರಿಗೂ ಮೂತ್ರಪಿಂಡ, ಕಣ್ಣು ಕೆಡುವುದು ಕಾಣತೊಡಗಿತು. ಚುಚ್ಚುಮದ್ದು ಲೆಕ್ಕ ಹಾಕಿ ಕೊಡುವುದು, ಗ್ರಂಥಿಯಾದರೋ ಗಳಿಗೆ ಗಳಿಗೆಗೆ ರಕ್ತ ನೋಡಿ ಕೊಡುತ್ತದೆ. ಆದ್ದರಿಂದ ಮತ್ತೆ ನಾಯಿಗಳಲ್ಲಿ ಕಸಿ ಶುರುವಾಯಿತು, ಈ ಸಲ ಇಡೀ ಗ್ರಂಥಿಯನ್ನು ರಕ್ತನಾಳ ಹೊಲಿದು ಕೂಡಿಸುವುದು. 1966ರ ಡಿಸೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲ್ಲೆಹಾಯ್ 28 ವರ್ಷದ ಹೆಣ್ಣುಮಗಳೊಬ್ಬಳಿಗೆ ಮೂತ್ರಪಿಂಡದ ಜೊತೆ ಮೇದೋಜೀರಕ ಗ್ರಂಥಿ ಕಸಿ ಮಾಡಿದರು. ಕೆಲವು ದಿನ ಇನ್ಸುಲಿನ್ ಇಲ್ಲದೆ ಇದ್ದಳು, ಕೆಲವೇ ತಿಂಗಳಲ್ಲಿ ತೀರಿಕೊಂಡಳು. 1972ರಲ್ಲಿ ಕಿರುದ್ವೀಪಗಳನ್ನಷ್ಟೇ ಬಿಡಿಸಿ ಇಲಿಗಳಿಗೆ ಕೊಟ್ಟು ಸಕ್ಕರೆ ಇಳಿಸಿದರು. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಏಳು ಜನರಿಗೆ ಅದೇ ರೀತಿ ಕಿರುದ್ವೀಪ ಕೊಟ್ಟಾಗ ಏಳೂ ಜನ ಇನ್ಸುಲಿನ್ ಬಿಟ್ಟರು, ಹಲವರಿಗೆ ಕಾಲಕ್ರಮೇಣ ಮತ್ತೆ ಬೇಕಾಯಿತು. ಇಡೀ ಗ್ರಂಥಿಯ ಕಸಿ ಈಗ ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಹಾಗಾದರೆ ತಮ್ಮನಿಗೆ ಏಕೆ ಬೇಡ ಎಂದು ಡಾಕ್ಟರನ್ನು ಕೇಳಿದೆ. ಕಸಿ ಮಾಡಿದರೆ ದೇಹ ಅದನ್ನು ಹೊರದಬ್ಬದಂತೆ ಜೀವನಪೂರ್ತಿ ಬಲವಾದ ಮಾತ್ರೆ ನುಂಗಬೇಕು, ಚೆನ್ನಾಗಿ ಓಡಾಡುವ ಮಗುವಿಗೆ ಅದಕ್ಕಿಂತ ಸೂಜಿಯೇ ಹಗುರ ಎಂದರು. ಬ್ರಿಸ್ಟಲ್‌ನ ಹುಡುಗನ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಮಿಂಕೋವ್ಸ್ಕಿ 1926ರಲ್ಲಿ ನಿವೃತ್ತರಾಗಿ 1931ರ ಜುಲೈ 18ರಂದು ತೀರಿಕೊಂಡರು. ಬರ್ಲಿನ್ನಿನ ಸ್ಮಶಾನದಲ್ಲಿ ಅಣ್ಣ ತಮ್ಮ ಇಬ್ಬರೂ ಒಟ್ಟಿಗಿದ್ದಾರೆ. ಎರಡು ವರ್ಷಕ್ಕೆ ಹಿಟ್ಲರ್ ಅಧಿಕಾರ ಹಿಡಿದ. ಹೆಂಡತಿ ಮುಂದೆ ಅರ್ಜೆಂಟೀನಾ ಸೇರಬೇಕಾಯಿತು. ಖಗೋಳವಿಜ್ಞಾನಿಯಾಗಿದ್ದ ಮಗ ರುಡಾಲ್ಫ್ ಅಮೆರಿಕಕ್ಕೆ ಹೋದರು. ಅಪ್ಪ 14ನೇ ವಯಸ್ಸಿನಲ್ಲಿ ದಾಟಿದಂತೆ ಮಗನೂ ಗಡಿ ದಾಟಿದ. ಯುರೋಪಿನ ಮಧುಮೇಹ ಸಂಶೋಧಕರ ಸಂಘ 1966ರಿಂದ ಯುವ ವಿಜ್ಞಾನಿಗಳಿಗೆ ಕೊಡುವ ಪ್ರಶಸ್ತಿಗೆ ಆಸ್ಕರ್ ಅವರ ಹೆಸರಿದೆ.

ಬರೆದು ಮುಗಿಸಿದ ಮೇಲೆ ತಮ್ಮನಿಗೆ ಓದಿ ಹೇಳಿದೆ. ಅವನಿಗೆ ನೊಬೆಲ್, ಲೆನಿನ್ ಯಾವುದೂ ಬೇಕಿರಲಿಲ್ಲ. ಟೊರಾಂಟೊದ ಒಂದು ನಾಯಿಗೆ ಮಾರ್ಜರಿ ಎಂಬ ಹೆಸರಿತ್ತು ಎಂದು ನಾನೇ ಹಿಂದೊಮ್ಮೆ ಹೇಳಿದ್ದೆ, ಅದನ್ನು ನೆನಪಿಟ್ಟುಕೊಂಡು ಸ್ಟ್ರಾಸ್‌ಬರ್ಗ್‌ನ ನಾಯಿಗೂ ಒಂದು ಹೆಸರು ಬೇಕು ಎಂದ. ನಮ್ಮ ಬೀದಿಯಲ್ಲೊಂದು ಕಂದು ನಾಯಿ ಇದೆ, ಅವನು ಸ್ಕೂಲಿನಿಂದ ಬರುವುದನ್ನೇ ಕಾಯುತ್ತಿರುತ್ತದೆ. ಅದರ ಹೆಸರನ್ನೇ ಇಟ್ಟ. ಮೋತಿ.